ಇವತ್ತು ಮಗಳು ನನ್ನನ್ನು ನೋಡಿ ಹೆದರಿಬಿಟ್ಟಳು

ಇಬ್ಬರ ಅಮ್ಮ:

ರಾತ್ರಿ ಹತ್ತೂವರೆ ಆಗಿದೆ. ಇಬ್ಬರೂ ಮಲಗಿದ್ದಾರೆ. ಮನೆಯೆಲ್ಲ ಚೆಲ್ಲಾಪಿಲ್ಲಿ. ಎತ್ತಿಡುವ ಶಕ್ತಿ ಇಲ್ಲ, ನಿದ್ದೆಯೂ ಬರುತ್ತಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮಗಳಿಗೆ ನಾಲ್ಕು ವರ್ಷ. ಮಗನಿಗೆ ಎರಡು ತುಂಬಿ ಮೂರು ತಿಂಗಳು. ಅವರಪ್ಪ ಕೆಲಸದ ಮೇಲೆ ಹೋಗಿ ಆರು ದಿನ ಆಯಿತು, ಬರುವುದಕ್ಕೆ ಇನ್ನೂ ನಾಲ್ಕು ದಿನ ಇದೆ.

ಬೆಳಗ್ಗೆ 5.20ಕ್ಕೆ ಮಗ ಎದ್ದ. ಅವನು ಎದ್ದರೆ ಅವಳೂ ಏಳುತ್ತಾಳೆ. ಅಲ್ಲಿಂದ ಶುರು. ಮಗಳಿಗೆ ಕಾಲುಚೀಲ ಹಾಕುವುದಕ್ಕೇ ಇಪ್ಪತ್ತೈದು ನಿಮಿಷ ಹಿಡಿಯಿತು. ಬೆರಳ ತುದಿಯ ಹತ್ತಿರ ಹೊಲಿಗೆ ಇರುತ್ತದಲ್ಲ, ಅದು ಚುಚ್ಚುತ್ತದೆ ಅಂತ ಕಿತ್ತು ಎಸೆಯುತ್ತಾಳೆ. ಇನ್ನೊಂದು ಜೊತೆ ಕೊಟ್ಟರೆ ಅದೂ ಚುಚ್ಚುತ್ತದೆ. ಕಾಲುಚೀಲ ಬೇಡ, ಹಾಗೇ ಶೂ ಹಾಕೋಣ ಅಂದರೆ ಅದಕ್ಕೂ ಅಳು. ಅಷ್ಟರಲ್ಲಿ ಮಗ ಒಂದು ಶೂ ಎತ್ತಿಕೊಂಡು ಹೋಗಿ ನೀರು ತುಂಬಿದ ಬಕೆಟ್ಟಿಗೆ ಹಾಕಿದ್ದ.

ಹನ್ನೊಂದು ಗಂಟೆ ಹೊತ್ತಿಗೆ ಅವನು ಅಕ್ಕನ ತೋಳು ಕಚ್ಚಿದ. ಎಂಟು ಹಲ್ಲಿನ ಗುರುತು, ಎಣಿಸಬಹುದಿತ್ತು. ಅವಳು ತಿರುಗಿಸಿ ಅವನನ್ನು ದೂಡಿದಳು. ಮಧ್ಯಾಹ್ನ ಅವನನ್ನು ಮಲಗಿಸಿ, ಕಣ್ಣು ಮುಚ್ಚಿದ ಅಂತ ನಿಧಾನಕ್ಕೆ ಕೈ ಬಿಡಿಸಿಕೊಂಡು ಎದ್ದೆ, ಅದೇ ಹೊತ್ತಿಗೆ ಮಗಳು ಬಾಗಿಲನ್ನು ದಡಾರ್ ಅಂತ ಹಾಕಿದಳು. ಅವನು ಎದ್ದ. ಮತ್ತೆ ಮಲಗಲಿಲ್ಲ. ಸಂಜೆ ಐದು ಗಂಟೆಗೆ ನನಗೊಂದು ಫೋನ್ ಬಂತು, ಮೂರೇ ನಿಮಿಷ ಮಾತಾಡಿದ್ದು, ಬಂದು ನೋಡಿದರೆ ಇಬ್ಬರೂ ಸೇರಿ ಪೇಸ್ಟ್ ಟ್ಯೂಬನ್ನು ಪೂರ್ತಿ ಹಿಂಡಿ ಕನ್ನಡಿಗೆ, ಗೋಡೆಗೆ, ಮಡಿಸಿಟ್ಟ ಬಟ್ಟೆಗೆಲ್ಲ ಬಳಿದಿದ್ದರು.

ಅದನ್ನೂ ಸುಮ್ನೆ ಒರೆಸಿದೆ. ಒಂದು ಮಾತು ಆಡಲಿಲ್ಲ.

ಆಮೇಲೆ ಆರೂ ಮುಕ್ಕಾಲಿಗೆ ಲೋಟದ ವಿಷಯ. ಅವಳು ನೀರು ಕೇಳಿದಳು, ನಾನು ಲೋಟಕ್ಕೆ ಸುರಿದು ಕೊಟ್ಟೆ. ತಾನೇ ಸುರಿಯಬೇಕಿತ್ತಂತೆ. ವಾಪಸ್ ಸುರಿ ಅಂದಳು. ಸುರಿದೆ. ಈಗ ನೀನೇ ಹಾಕಿಕೋ ಅಂದೆ. ಇಲ್ಲ, ಅದೇ ನೀರು ಬೇಡ, ನೀನು ಮುಟ್ಟಿದ ನೀರು ಬೇಡ, ಮೊದಲಿನ ಹಾಗೆ ಮಾಡು ಅಂತ ನೆಲದ ಮೇಲೆ ಬಿದ್ದು ಒದ್ದಾಡಿದಳು. ಅವಳನ್ನು ನೋಡಿ ಇವನೂ ಶುರು ಮಾಡಿದ. ಲೋಟ ಉರುಳಿತು. ನನಗೆ ಪಿತ್ತ ನೆತ್ತಿಗೇರಿತು. ಎಂಥ ದನಿ ಬಂತು ಅಂದರೆ ಅದು ನನ್ನದೇ ಅಂತ ನನಗೇ ಗೊತ್ತಾಗಲಿಲ್ಲ. ಕೈಯೂ ಎತ್ತಿದೆ. ಹೊಡೆಯಲಿಲ್ಲ. ಆದರೆ ಅವಳು ಎರಡೂ ಕೈ ಕಿವಿಗೆ ಒತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು. ಏಟು ಬೀಳುತ್ತದೆ ಅಂತ ಕಾಯುತ್ತಿದ್ದಳು.

ಕರುಳು ಚುರುಕ್ ಅಂತು. ನನ್ನ ಮಗು ನನಗೆ ಹೆದರಿದ್ದು ಇವತ್ತೇ ಮೊದಲು. ಆಮೇಲೆ ಊಟ, ಹಲ್ಲುಜ್ಜುವುದು, ನಿದ್ದೆ ಎಲ್ಲ ಮೌನವಾಗಿ ಆಯಿತು. ಒಂದೂ ತಂಟೆ ಇಲ್ಲ. ಆ ಮೌನವೇ ನನಗೆ ತಡೆಯಲಾಗುತ್ತಿಲ್ಲ.

ನನ್ನ ಮಕ್ಕಳು ಬೇರೆಯವರ ಮಕ್ಕಳಿಗಿಂತ ಜಾಸ್ತಿ ಹಠ ಮಾಡುತ್ತವಾ? ಅಥವಾ ತಪ್ಪು ನನ್ನಲ್ಲೇ ಇದೆಯಾ? ದಯವಿಟ್ಟು ನಿಜ ಹೇಳಿ.


ಅವಳಿಗಳ ಅಪ್ಪ:

ಮೊದಲು ಒಂದು ಮಾತು. ಎತ್ತಿದ ಕೈಯನ್ನು ನೀವು ಇಳಿಸಿದಿರಿ. ಬೆಳಗಿನ ಐದೂ ಇಪ್ಪತ್ತರಿಂದ ಒಬ್ಬರೇ ಇಬ್ಬರನ್ನು ನೋಡಿಕೊಂಡು, ಆರು ದಿನದಿಂದ ಹಾಗೇ ನೋಡಿಕೊಂಡು, ಆ ಹೊತ್ತಿಗೆ ಕೈ ಇಳಿಸುವುದು ಸಣ್ಣ ವಿಷಯ ಅಲ್ಲ.

ನಮ್ಮ ಅವಳಿ ಮಕ್ಕಳಿಗೆ ಈಗ ಐದು. ಅವರಿಗೆ ಎರಡೂವರೆ ಇದ್ದಾಗ ನಾನು ಇದೇ ಪ್ರಶ್ನೆ ಕೇಳುತ್ತಿದ್ದೆ. ದಿನವಿಡೀ ರಂಪ, ದಿನವಿಡೀ ಅಳು ಅಂತ ಎಲ್ಲರ ಹತ್ತಿರ ಹೇಳುತ್ತಿದ್ದೆ. ನನ್ನ ಹೆಂಡತಿ ಒಂದು ಹಾಳೆ ತೆಗೆದುಕೊಂಡು ಫ್ರಿಜ್ ಮೇಲೆ ಅಂಟಿಸಿದಳು. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಗಂಟೆಗೆ ನಿಂತಿತು, ಅದಕ್ಕೂ ಮುಂಚೆ ಏನಾಗಿತ್ತು. ಇಷ್ಟೇ. ಹತ್ತು ದಿನ ಬರೆದೆವು.

ದಿನವಿಡೀ ಅಲ್ಲ ಸ್ವಾಮಿ. ಸಂಜೆ ಐದರಿಂದ ಏಳು. ಬೆಳಗ್ಗೆ ಹೊರಡುವ ಹೊತ್ತಿಗೆ ಒಂದು. ಮಿಕ್ಕ ಹೊತ್ತು ಸಾಧಾರಣ ತುಂಟತನ ಅಷ್ಟೇ. ಅರ್ಧ ಗಂಟೆ ಅತ್ತರು ಅಂತ ನಾನು ಅಂದುಕೊಂಡಿದ್ದು ಗಡಿಯಾರದಲ್ಲಿ ನಾಲ್ಕು ನಿಮಿಷ. ಅದು ಗೊತ್ತಾದ ಮೇಲೆ ಮಕ್ಕಳ ಮೇಲಿನ ಸಿಟ್ಟು ಅರ್ಧ ಇಳಿಯಿತು. ನೀವೂ ಬರೆದು ನೋಡಿ. ಇವತ್ತಲ್ಲ, ಇವತ್ತು ಮಲಗಿ.


ಮೊಮ್ಮಕ್ಕಳ ಅಜ್ಜಿ:

ಮಗಳೇ, ಮೊದಲು ಎದ್ದು ನೀರು ಕುಡಿದು ಮಲಗು. ಚೆಲ್ಲಾಪಿಲ್ಲಿ ಮನೆ ಬೆಳಗ್ಗೆಯೂ ಅಲ್ಲೇ ಇರುತ್ತದೆ.

ನಾನು ನಾಲ್ಕು ಮಕ್ಕಳನ್ನು ಸಾಕಿದವಳು. ನಾಲ್ಕನ್ನೂ ನಾನೊಬ್ಬಳೇ ಸಾಕಲಿಲ್ಲ, ಅದನ್ನು ಹೇಳಲೇಬೇಕು. ಒಂದು ಅತ್ತರೆ ಎತ್ತಿಕೊಳ್ಳುವುದಕ್ಕೆ ಮನೆಯಲ್ಲಿ ಯಾವಾಗಲೂ ಇನ್ನೊಬ್ಬರು ಇರುತ್ತಿದ್ದರು. ನನಗೆ ಸಿಟ್ಟು ಬಂದರೆ ಮಗುವನ್ನು ಅವರ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದೆ. ನಿನಗೆ ಕೊಡುವುದಕ್ಕೆ ಕೈಯೂ ಇಲ್ಲ, ಹೋಗುವುದಕ್ಕೆ ಹಿತ್ತಲೂ ಇಲ್ಲ. ಅಷ್ಟರ ಮೇಲೆ ತಪ್ಪು ನನ್ನದಾ ಅಂತ ಕೇಳುತ್ತೀಯಲ್ಲ, ಕೇಳಿ ಸಂಕಟವಾಯಿತು.


ಮಕ್ಕಳ ವಾರ್ಡ್ ನರ್ಸ್:

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಲ್ಲ, ನೀವು ಬರೆದಿದ್ದರಲ್ಲಿ ಈ ವಯಸ್ಸಿಗೆ ಮೀರಿದ್ದು ಒಂದೂ ಇಲ್ಲ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಸಿಟ್ಟನ್ನು ತಡೆದು ಹಿಡಿಯುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯುವುದಕ್ಕೆ ಇಪ್ಪತ್ತೈದು ವರ್ಷದ ಆಸುಪಾಸು ಬೇಕು. ನಾಲ್ಕು ವರ್ಷದವಳ ಹತ್ತಿರ ಆ ಬ್ರೇಕ್ ಇನ್ನೂ ತಯಾರಾಗುತ್ತಿದೆ.

ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ ಅನ್ನುವ ಸಂಶೋಧಕರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೂವರೆಯಿಂದ ಐದು ವರ್ಷದ ಮಕ್ಕಳ ರಂಪವನ್ನು ಅಪ್ಪ ಅಮ್ಮಂದಿರಿಂದಲೇ ಬರೆಸಿಕೊಂಡು ನೋಡಿದ್ದು. ನಾಲ್ಕರಲ್ಲಿ ಮೂರು ರಂಪ ಐದು ನಿಮಿಷದೊಳಗೆ ಮುಗಿದಿದ್ದವು. ಮೇಲೆ ಅವಳಿಗಳ ಅಪ್ಪ ಹೇಳಿದ ನಾಲ್ಕು ನಿಮಿಷ ಇದಕ್ಕೆ ಸರಿಹೋಗುತ್ತದೆ. ಇನ್ನೊಂದು ವಿಷಯ ಅದರಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂತು. ರಂಪದಲ್ಲಿ ಎರಡು ಬೇರೆ ಬೇರೆ ಭಾವನೆ ಇವೆ, ಸಿಟ್ಟು ಮತ್ತು ದುಃಖ. ಒದೆಯುವುದು, ಚೀರುವುದು, ಎಸೆಯುವುದು ಸಿಟ್ಟು. ಅದು ಶುರುವಿನಲ್ಲೇ ಏರಿ ಬೇಗ ಇಳಿಯುತ್ತದೆ. ಅಳು, ರಗಳೆ, ಹತ್ತಿರ ಬರಬೇಕು ಅನ್ನುವುದು ದುಃಖ. ಅದು ಉದ್ದಕ್ಕೂ ಇರುತ್ತದೆ, ಸಿಟ್ಟು ಇಳಿದ ಮೇಲೆ ಎದ್ದು ಕಾಣುತ್ತದೆ.

ಸಿಟ್ಟು ಏರಿದ ಹೊತ್ತಿನಲ್ಲಿ ನಾವು ಮಾತಾಡಿದಷ್ಟೂ ಜಾಸ್ತಿ ಆಗುತ್ತದೆ. ಯಾಕೆ, ಏನು, ಹೀಗೆ ಮಾಡಬಾರದು ಅಲ್ವಾ, ಈ ಮಾತು ಯಾವುದೂ ಆಗ ಒಳಗೆ ಹೋಗುವುದಿಲ್ಲ. ಪೆಟ್ಟಾಗದ ಹಾಗೆ ನೋಡಿಕೊಂಡು ಪಕ್ಕದಲ್ಲಿ ನೆಲದ ಮೇಲೆ ಕೂತುಬಿಡಿ. ಚೀರಾಟ ಬಿಕ್ಕಳಿಕೆಗೆ ತಿರುಗಿದ ಕ್ಷಣ ಗೊತ್ತಾಗುತ್ತದೆ. ಆಗ ಕೈ ಚಾಚಿ. ಬಂದು ತೊಡೆ ಮೇಲೆ ಕೂರುತ್ತಾಳೆ.


ದೊಡ್ಡ ಮಕ್ಕಳ ತಂದೆ:

ಎಲ್ಲರೂ ಸಮಾಧಾನ ಹೇಳುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ ಮೇಡಂ. ನಾವು ಏಟು ತಿಂದೇ ಬೆಳೆದೆವು. ಬೆನ್ನಿಗೆ ಒಂದು ಬಿದ್ದರೆ ಲೋಟದ ರಂಪ ಅಲ್ಲಿಗೇ ಮುಗಿಯುತ್ತಿತ್ತು. ನಾನೂ ನನ್ನ ಮಕ್ಕಳಿಗೆ ಆಗೊಮ್ಮೆ ಈಗೊಮ್ಮೆ ಕೊಟ್ಟಿದ್ದೇನೆ. ಇಬ್ಬರೂ ಚೆನ್ನಾಗಿದ್ದಾರೆ. ಮಕ್ಕಳಿಗೆ ಸ್ವಲ್ಪ ಹೆದರಿಕೆ ಇರಬೇಕು. ಅದಿಲ್ಲದೆ ಯಾವ ಮಾತೂ ಕೇಳುವುದಿಲ್ಲ.


ಒಬ್ಬಳೇ ಸಾಕುವ ತಾಯಿ:

ಸರ್, ನಾನೂ ಏಟು ತಿಂದು ಬೆಳೆದವಳು. ನನಗೆ ಆರು ವರ್ಷ ಇದ್ದಾಗ ಬಿದ್ದ ಒಂದು ಏಟು ಇವತ್ತಿಗೂ ನೆನಪಿದೆ. ಅಪ್ಪನ ಕೈಗಡಿಯಾರದ ಪಟ್ಟಿ ನೆನಪಿದೆ. ಬಾಗಿಲ ಹಿಂದೆ ನಾನು ನಿಂತಿದ್ದ ಜಾಗ ನೆನಪಿದೆ. ಯಾಕೆ ಹೊಡೆದರು ಅನ್ನುವುದು ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಅಪ್ಪ ಒಳ್ಳೆಯವರೇ. ಆದರೆ ಆಮೇಲೆ ಏನೇ ತಪ್ಪು ಮಾಡಿದರೂ ಅವರ ಹತ್ತಿರ ಹೇಳುವುದನ್ನು ಬಿಟ್ಟೆ, ಮುಚ್ಚಿಡುವುದನ್ನು ಕಲಿತೆ.


ಮಕ್ಕಳ ವಾರ್ಡ್ ನರ್ಸ್:

ದೊಡ್ಡ ಮಕ್ಕಳ ತಂದೆಯವರೇ, ನಿಮ್ಮ ಮಕ್ಕಳು ಚೆನ್ನಾಗಿರುವುದು ಸಂತೋಷ. ಏಟಿನಿಂದ ಆ ಕ್ಷಣಕ್ಕೆ ನಿಲ್ಲುತ್ತದೆ, ಅದು ನಿಜ. ಆದರೆ ನಾಳೆ ನಿಲ್ಲುವುದಿಲ್ಲ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ಸುಮಾರು 50 ವರ್ಷಗಳ ಅಧ್ಯಯನಗಳನ್ನು, 1.6 ಲಕ್ಷ ಮಕ್ಕಳ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದರು. ಏಟು ಜಾಸ್ತಿ ತಿಂದ ಮಕ್ಕಳಲ್ಲಿ ಮಾತು ಕೇಳುವುದು ಜಾಸ್ತಿ ಆಗಿರಲಿಲ್ಲ. ಜಗಳಗಂಟತನ, ಮನಸ್ಸಿನ ತೊಂದರೆ, ಅಪ್ಪ ಅಮ್ಮನ ಜೊತೆ ಸಂಬಂಧ ಕೆಡುವುದು ಜಾಸ್ತಿ ಇತ್ತು. ಮಕ್ಕಳಿಗೆ ಮನೆಯಲ್ಲೂ ಹೊಡೆಯಬಾರದು ಅಂತ ಸ್ವೀಡನ್ 1979ರಲ್ಲೇ ಕಾನೂನು ಮಾಡಿತು, ಜಗತ್ತಿನಲ್ಲಿ ಮೊದಲು ಮಾಡಿದ್ದು ಅದೇ ದೇಶ. ಆಮೇಲೆ ಅರವತ್ತಕ್ಕೂ ಹೆಚ್ಚು ದೇಶಗಳು ಅದೇ ದಾರಿ ಹಿಡಿದವು.

ಇನ್ನೊಂದನ್ನು ಎಲ್ಲರಿಗೂ ಹೇಳಬೇಕು. ಸಣ್ಣ ಕೂಸನ್ನು ಯಾವ ಕಾರಣಕ್ಕೂ ಜೋರಾಗಿ ಅಲುಗಾಡಿಸಬೇಡಿ. ಕೆಲವೇ ಸೆಕೆಂಡಿನಲ್ಲಿ ಮೆದುಳಿಗೆ ಪೆಟ್ಟಾಗುತ್ತದೆ. ಕೈ ಮೀರುತ್ತಿದೆ ಅನ್ನಿಸಿದರೆ ಮಗುವನ್ನು ತೊಟ್ಟಿಲಲ್ಲೋ ಬೇರೆ ಸುರಕ್ಷಿತ ಜಾಗದಲ್ಲೋ ಮಲಗಿಸಿ, ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ. ಐದು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಹಾಗೆ ಬಿಟ್ಟು ಹೋಗುವುದು ಕೆಟ್ಟ ತಾಯಿತನ ಅಲ್ಲ, ಅದೇ ಸರಿಯಾದ ಕೆಲಸ.


ದೊಡ್ಡ ಮಕ್ಕಳ ತಂದೆ:

ಕೈಗಡಿಯಾರದ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ದೊಡ್ಡ ಮಗ ಕೂಡ ನನ್ನ ಹತ್ತಿರ ಏನನ್ನೂ ಹೇಳುವುದಿಲ್ಲ, ಎಲ್ಲ ಅವರಮ್ಮನ ಹತ್ತಿರವೇ. ಇದನ್ನು ನಾನು ಈ ದೃಷ್ಟಿಯಿಂದ ನೋಡಿರಲಿಲ್ಲ. ಇಷ್ಟಕ್ಕೇ ನಿಲ್ಲಿಸುತ್ತೇನೆ.


ಇಬ್ಬರ ಅಮ್ಮ:

ರಾತ್ರಿ ಅಜ್ಜಿಯವರ ಮಾತು ಓದಿ ಅತ್ತುಬಿಟ್ಟೆ, ಅತ್ತು ಮಲಗಿದೆ. ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಮಗಳು ಎದ್ದ ತಕ್ಷಣ ಅವಳ ಪಕ್ಕ ಮಲಗಿಕೊಂಡು ಹೇಳಿದೆ. ನಿನ್ನೆ ಅಮ್ಮ ತುಂಬ ಜೋರಾಗಿ ಕೂಗಿದಳು, ಅದು ಅಮ್ಮನ ತಪ್ಪು, ನೀನು ಕೂಗಿಸಿದ್ದಲ್ಲ ಅಂದೆ. ಅವಳು ನನ್ನ ಮುಖ ನೋಡಿ, "ನಿನ್ನ ಕಣ್ಣು ದೊಡ್ಡದಾಗಿತ್ತು" ಅಂದಳು. ಹೌದು ಪುಟ್ಟ, ದೊಡ್ಡದಾಗಿತ್ತು ಅಂದೆ. "ಈಗ ಸಣ್ಣದಾಗಿದೆ" ಅಂದಳು. ನನ್ನ ರೆಪ್ಪೆ ಮೇಲೆ ಬೆರಳಿಟ್ಟು ಮುಟ್ಟಿ ನೋಡಿದಳು.

ನಾಲ್ಕು ವರ್ಷದವಳ ಹತ್ತಿರ ಕ್ಷಮೆ ಕೇಳಿದರೆ ಸದರ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೇನೋ ಹಾಗೆ ಅನ್ನಿಸಲಿಲ್ಲ.

ಒಂದು ಅನುಮಾನ ಇದೆ. ನಿನ್ನೆ ಮಧ್ಯಾಹ್ನ ಇಬ್ಬರಿಗೂ ಸಿಹಿ ಕೊಟ್ಟಿದ್ದೆ. ಅದಕ್ಕೇ ಹೀಗೆ ಕುಣಿದರಾ?


ಮಕ್ಕಳ ವಾರ್ಡ್ ನರ್ಸ್:

ಸಕ್ಕರೆಯಿಂದ ಮಕ್ಕಳು ಕುಣಿಯುತ್ತವೆ ಅನ್ನುವುದನ್ನು ತುಂಬ ಸಲ ಪರೀಕ್ಷಿಸಿ ನೋಡಿದ್ದಾರೆ. 1995ರಲ್ಲಿ ಅಂಥ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಮಕ್ಕಳ ನಡವಳಿಕೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ ಇನ್ನೊಂದು ಪ್ರಯೋಗ ನಡೆದಿತ್ತು. ಕೆಲವು ತಾಯಂದಿರಿಗೆ ನಿಮ್ಮ ಮಗುವಿಗೆ ಜಾಸ್ತಿ ಸಕ್ಕರೆ ಕೊಟ್ಟಿದ್ದೇವೆ ಅಂತ ಹೇಳಿದರು. ನಿಜವಾಗಿ ಯಾವ ಮಗುವಿಗೂ ಸಕ್ಕರೆ ಕೊಟ್ಟಿರಲಿಲ್ಲ. ಆದರೂ ಆ ತಾಯಂದಿರಿಗೆ ಮಗು ಜಾಸ್ತಿ ಕುಣಿಯುವ ಹಾಗೆ ಕಂಡಿತು. ಅಷ್ಟೇ ಅಲ್ಲ, ಅವರು ಮಗುವಿನ ಹಿಂದೆ ಹಿಂದೆಯೇ ತಿರುಗಿದರು, ತಪ್ಪು ಹೇಳುವುದೂ ಜಾಸ್ತಿ ಮಾಡಿದರು. ಹಲ್ಲಿನ ದೃಷ್ಟಿಯಿಂದ ಸಿಹಿ ಕಡಿಮೆ ಮಾಡಿ, ಅದು ಬೇರೆ ಮಾತು.

ನಿನ್ನೆಯ ಕಾರಣ ನೀವೇ ಬರೆದಿದ್ದೀರಿ. ಮಗ ಮಧ್ಯಾಹ್ನ ಮಲಗಲಿಲ್ಲ. ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು ನಾಲ್ಕು ವರ್ಷದವರಿಗೆ 10ರಿಂದ 13. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಇದು. ದೊಡ್ಡವರಿಗೆ ನಿದ್ದೆ ಕೆಟ್ಟರೆ ತೂಕಡಿಕೆ ಬರುತ್ತದೆ. ಸಣ್ಣ ಮಕ್ಕಳಲ್ಲಿ ಎಷ್ಟೋ ಸಲ ಅದು ತಿರುಗಾಮುರುಗಾ. ಸುಸ್ತಾದಷ್ಟೂ ಓಡುತ್ತವೆ, ಏರುತ್ತವೆ, ಕಚ್ಚುತ್ತವೆ. ನಾವು ಅದನ್ನು ಕಿತಾಪತಿ ಅಂತೀವಿ.


ಶಿಶುವಿಹಾರದ ಟೀಚರ್:

ಹದಿನಾರು ವರ್ಷದಿಂದ ಮೂರು ನಾಲ್ಕು ವರ್ಷದ ಮಕ್ಕಳ ಜೊತೆ ಇದ್ದೇನೆ. ಎಷ್ಟೋ ತಾಯಂದಿರು ಸಂಜೆ ಬಂದು, "ನಿಮ್ಮ ಹತ್ತಿರ ಚೆನ್ನಾಗಿರುತ್ತಾಳಂತೆ, ನನ್ನನ್ನು ಕಂಡ ತಕ್ಷಣ ಶುರು ಮಾಡುತ್ತಾಳೆ" ಅಂತ ನೊಂದುಕೊಳ್ಳುತ್ತಾರೆ. ಮಗು ಅಲ್ಲಿ ದಿನವಿಡೀ ತಡೆದುಕೊಂಡಿರುತ್ತದೆ. ಸಾಲಿನಲ್ಲಿ ನಿಲ್ಲು, ಆಟಿಕೆ ಬಿಟ್ಟುಕೊಡು, ಸುಮ್ನಿರು. ಅಮ್ಮನನ್ನು ಕಂಡ ಮೇಲೆ ಇನ್ನು ತಡೆದುಕೊಳ್ಳಬೇಕಾಗಿಲ್ಲ. ಎಲ್ಲ ಅಲ್ಲೇ ಇಳಿಸುತ್ತದೆ. ನಿಮ್ಮನ್ನು ಕಂಡರೆ ಆಗದು ಅಂತಲ್ಲ. ಹೇಗಿದ್ದರೂ ನೀವು ಬಿಟ್ಟು ಹೋಗುವುದಿಲ್ಲ ಅನ್ನುವುದು ಅದಕ್ಕೆ ಗೊತ್ತು.

ಕಾಲುಚೀಲವನ್ನು ತಿರುವಿಹಾಕಿ ನೋಡಿ, ಹೊಲಿಗೆ ಹೊರಗೆ ಬರುವ ಹಾಗೆ. ನಮ್ಮಲ್ಲಿ ಮೂರು ಮಕ್ಕಳು ಹಾಗೇ ಹಾಕಿಕೊಳ್ಳುತ್ತವೆ. ಅದು ಹಠ ಅಲ್ಲ, ಕೆಲವು ಮಕ್ಕಳ ಚರ್ಮಕ್ಕೆ ನಿಜವಾಗಿಯೂ ಹೊಲಿಗೆ, ಲೇಬಲ್ಲು, ಬಿಗಿ ಎಲಾಸ್ಟಿಕ್ಕು ತಡೆಯುವುದಿಲ್ಲ.

ಲೋಟದ ವಿಷಯಕ್ಕೆ: ಅವಳ ಕೈಗೆ ಹಿಡಿಯುವಂಥ ಸಣ್ಣ ಜಗ್ ಒಂದನ್ನು ಇಡಿ, ಕೆಳಗೆ ಒಂದು ಟವೆಲ್ ಹಾಸಿ. ಚೆಲ್ಲುತ್ತಾಳೆ. ಒರೆಸುವುದಕ್ಕೆ ಬಟ್ಟೆಯನ್ನೂ ಅವಳ ಕೈಗೇ ಕೊಡಿ. ಈ ವಯಸ್ಸಿನಲ್ಲಿ "ನಾನೇ" ಅನ್ನುವುದು ಹಸಿವಿನಷ್ಟೇ ಜೋರು. ದಿನದಲ್ಲಿ ಹತ್ತು ಕಡೆ ಅದನ್ನು ತಡೆಯಬೇಕಾಗುತ್ತದೆ, ಹಾಗಾಗಿ ಬಿಡಬಹುದಾದ ಕಡೆ ಬಿಟ್ಟುಬಿಡಿ.

ಇನ್ನು ಕಚ್ಚುವುದು. ಎರಡು ವರ್ಷದವನಿಗೆ ಮಾತಿಗಿಂತ ಬಾಯಿ ಬೇಗ ಬರುತ್ತದೆ. ಕಚ್ಚಿದ ತಕ್ಷಣ ದೊಡ್ಡ ಗದ್ದಲ ಬೇಡ. "ಕಚ್ಚಬಾರದು, ನೋವಾಗುತ್ತದೆ" ಅಂತ ಎರಡೇ ಮಾತು. ಆಮೇಲೆ ಅವನನ್ನು ಬಿಟ್ಟು ಮೊದಲು ಅಕ್ಕನ ಹತ್ತಿರ ಹೋಗಿ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ, ಕಚ್ಚಿದವನ ಹಿಂದೆ ಹೋಗಿ ಹತ್ತು ನಿಮಿಷ ಬುದ್ಧಿ ಹೇಳುತ್ತೇವೆ, ಕಚ್ಚಿಸಿಕೊಂಡವಳು ಒಬ್ಬಳೇ ನಿಂತಿರುತ್ತಾಳೆ. ಆಮೇಲೆ ಅವಳು ದೂಡುತ್ತಾಳೆ. ನಿಮ್ಮ ಮನೆಯಲ್ಲಿ ಹೀಗಾಯಿತು ಅಂತ ಹೇಳುತ್ತಿಲ್ಲ, ನಮ್ಮ ಕ್ಲಾಸಿನಲ್ಲಿ ತುಂಬ ಸಲ ನೋಡಿದ್ದೇನೆ.


ಇಬ್ಬರ ಅಮ್ಮ:

ಟೀಚರ್, ನಮ್ಮ ಮನೆಯಲ್ಲಿ ಸರಿಯಾಗಿ ಹಾಗೇ ಆಗಿದ್ದು. ಅವನಿಗೆ ಬೈಯುತ್ತಾ ಇದ್ದೆ. ಅವಳ ತೋಳಿಗೆ ನೀರು ಒತ್ತಿದ್ದು ಹತ್ತು ನಿಮಿಷ ಆದ ಮೇಲೆ.


ಒಬ್ಬಳೇ ಸಾಕುವ ತಾಯಿ:

ನಾನು ಸಂಜೆ ಹೊತ್ತಿನ ಬಗ್ಗೆ ಹೇಳಬೇಕು. ಎಲ್ಲರೂ ತಾಳ್ಮೆ ತಾಳ್ಮೆ ಅನ್ನುತ್ತಾರೆ. ತಾಳ್ಮೆ ಬೇಕು ಅಂದ ತಕ್ಷಣ ಬರುವುದಿಲ್ಲ. ಬೆಳಗ್ಗೆಯಿಂದ ಖರ್ಚಾಗಿ ಸಂಜೆಗೆ ಮುಗಿದಿರುತ್ತದೆ. ಮಕ್ಕಳದ್ದೂ ಅದೇ ಹೊತ್ತಿಗೆ ಮುಗಿದಿರುತ್ತದೆ. ಅದೇ ಹೊತ್ತಿಗೆ ನಾವು ಅಡುಗೆ, ಸ್ನಾನ, ಬಟ್ಟೆ, ಎಲ್ಲವನ್ನೂ ತುರುಕುತ್ತೇವೆ.

ನನ್ನ ಮಗನಿಗೆ ಮೂರೂವರೆ. ಮನೆಯಲ್ಲಿ ನಾವಿಬ್ಬರೇ. ಸಂಜೆ ನಾನು ಮಾಡುವ ಕೆಲಸ ಅರ್ಧಕ್ಕರ್ಧ ಕಡಿಮೆ ಮಾಡಿದೆ. ಸ್ನಾನ ಬೆಳಗ್ಗೆಗೆ ಹೋಯಿತು. ಒಂದು ದಿನ ಸ್ನಾನ ತಪ್ಪಿದರೂ ತಪ್ಪಲಿ. ರಾತ್ರಿ ಅಡುಗೆಯ ಅರ್ಧ ಮಧ್ಯಾಹ್ನವೇ ಮುಗಿದಿರುತ್ತದೆ. ಮನೆಗೆ ಬಂದ ತಕ್ಷಣ, ಬಾಗಿಲು ತೆರೆದು ಚೀಲ ಕೆಳಗಿಟ್ಟ ತಕ್ಷಣ, ಅವನ ಕೈಗೆ ಏನಾದರೂ ತಿನ್ನಲು ಕೊಡುತ್ತೇನೆ, ಮಾತು ಆಮೇಲೆ. ಕೊನೆಗೆ ಇಪ್ಪತ್ತು ನಿಮಿಷ ಟಿವಿ. ಅದನ್ನು ಮುಚ್ಚಿಡುವುದಿಲ್ಲ. ಆ ಇಪ್ಪತ್ತು ನಿಮಿಷ ನಾನು ಕಾಲು ಚಾಚಿ ಕೂರುತ್ತೇನೆ. ಅದರಿಂದ ಮಿಕ್ಕ ಎರಡು ಗಂಟೆ ಕೂಗದೆ ಇರುತ್ತೇನೆ. ನನಗೆ ಇದು ಸರಿಯಾದ ಲೆಕ್ಕ.


ಮಕ್ಕಳ ವಾರ್ಡ್ ನರ್ಸ್:

ಅದರಲ್ಲಿ ತಪ್ಪಿಲ್ಲ. ಮೂರು ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಅದೇ 2019ರ ಸಲಹೆಯಲ್ಲಿದೆ. ಮಲಗುವ ಹೊತ್ತಿಗೆ ತಾಗಿಸಿಕೊಂಡು ಮಾತ್ರ ಹಾಕಬೇಡಿ.


ಶಿಶುವಿಹಾರದ ಟೀಚರ್:

ಹಸಿವು, ಸುಸ್ತಿನ ಮಾತು ಹೊಸದೇನಲ್ಲ. ಫ್ಲಾರೆನ್ಸ್ ಗುಡ್‌ಎನಫ್ ಅನ್ನುವ ಮನಶ್ಶಾಸ್ತ್ರಜ್ಞೆ 1931ರಲ್ಲೇ ತಾಯಂದಿರಿಗೆ ಮಕ್ಕಳ ಸಿಟ್ಟಿನ ದಿನಚರಿ ಬರೆಯಲು ಹೇಳಿ ನೋಡಿದ್ದರು. ಊಟಕ್ಕೆ ಮುಂಚೆ, ಸುಸ್ತಾದಾಗ, ಕಾಯಿಲೆ ಬಿದ್ದು ಎದ್ದಾಗ ರಂಪ ಜಾಸ್ತಿ ಅಂತ ಅದರಲ್ಲಿ ಕಂಡಿತು. ಫ್ರಿಜ್ ಮೇಲಿನ ಹಾಳೆಗೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ.


ಚೊಚ್ಚಲ ಮಗುವಿನ ಅಪ್ಪ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳಿಗೆ ಒಂದೂವರೆ ವರ್ಷ. ಅಳುತ್ತಾ ಅಳುತ್ತಾ ಉಸಿರು ಕಟ್ಟಿ ತುಟಿ ನೀಲಿ ಆಗುತ್ತದೆ. ಎರಡು ಸಲ ಆಗಿದೆ. ಹೆದರಿಕೆಯಿಂದ ಅವಳು ಕೇಳಿದ್ದನ್ನೆಲ್ಲ ಕೊಟ್ಟುಬಿಡುತ್ತಿದ್ದೇವೆ. ಇದೂ ಹಠವೇನಾ?


ಮಕ್ಕಳ ವಾರ್ಡ್ ನರ್ಸ್:

ಬೇಕು ಅಂತ ಮಾಡುವುದಲ್ಲ ಅದು. ಆರು ತಿಂಗಳಿಂದ ಆರು ವರ್ಷದೊಳಗಿನ ಕೆಲವು ಮಕ್ಕಳಲ್ಲಿ ಅತ್ತಾಗ ಹೀಗೆ ಉಸಿರು ಕಟ್ಟುತ್ತದೆ. ಸಾಮಾನ್ಯವಾಗಿ ತಾನಾಗಿಯೇ ಉಸಿರು ತೆಗೆದುಕೊಳ್ಳುತ್ತವೆ, ದೊಡ್ಡವರಾಗುತ್ತಾ ನಿಲ್ಲುತ್ತದೆ. ಆದರೂ ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು. ಬೇರೆ ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇದು ಜಾಸ್ತಿ ಆಗುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಮಾಡಿಸಿ ಅನ್ನಬಹುದು. ಆ ಹೊತ್ತಿನಲ್ಲಿ ಅಲುಗಾಡಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಒಂದು ನಿಮಿಷದಲ್ಲಿ ಉಸಿರು ಸರಿಯಾಗದಿದ್ದರೆ ತಕ್ಷಣ ತುರ್ತು ಸಹಾಯಕ್ಕೆ ಫೋನ್ ಮಾಡಿ.

ಇದೇ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ರಂಪ ಪ್ರತಿ ಸಲ ಇಪ್ಪತ್ತೈದು ನಿಮಿಷ ಮೀರುತ್ತಿದ್ದರೆ, ಮಗು ತಲೆ ಚಚ್ಚಿಕೊಂಡು, ತನ್ನನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ, ಯಾರು ರಮಿಸಿದರೂ ಸಮಾಧಾನ ಆಗದೇ ಇದ್ದರೆ ತೋರಿಸಿ. ರಾತ್ರಿ ಗೊರಕೆ ಹೊಡೆಯುತ್ತಾ ಬಾಯಲ್ಲಿ ಉಸಿರಾಡುವ ಮಕ್ಕಳನ್ನೂ ತೋರಿಸಿ. ಅವರಿಗೆ ನಿದ್ದೆ ಸರಿಯಾಗಿ ಆಗುತ್ತಿರುವುದಿಲ್ಲ, ಹಗಲೆಲ್ಲ ಸಿಡುಕುತ್ತಾರೆ.


ಚೊಚ್ಚಲ ಮಗುವಿನ ಅಪ್ಪ:

ನಾಳೆಯೇ ಹೋಗುತ್ತೇವೆ. ತುಂಬ ಉಪಕಾರ ಆಯಿತು ಸಿಸ್ಟರ್.


ಮೊಮ್ಮಕ್ಕಳ ಅಜ್ಜಿ:

ಮಗಳೇ, ಯಜಮಾನರು ಬಂದರಾ? ಬಂದ ಮೇಲೆ ಅವರ ಹತ್ತಿರ ಮಕ್ಕಳನ್ನು ಬಿಟ್ಟು ಒಂದು ದಿನ ಪೂರ್ತಿ ಹೊರಗೆ ಹೋಗು. ಕೆಲಸಕ್ಕಲ್ಲ. ಸುಮ್ನೆ.


ಇಬ್ಬರ ಅಮ್ಮ:

ಒಂಬತ್ತು ದಿನ ಆಯಿತು. ಬರೆದಿಟ್ಟ ಹಾಳೆ ಮುಂದಿದೆ, ಅದಕ್ಕೇ ಬಂದೆ.

ಅವಳಿಗಳ ಅಪ್ಪ ಹೇಳಿದ್ದು ಅಕ್ಷರಶಃ ನಿಜ. ನನ್ನ ಹಾಳೆಯಲ್ಲಿ ಮಧ್ಯಾಹ್ನದ ಭಾಗ ಹೆಚ್ಚು ಕಡಿಮೆ ಖಾಲಿ ಇದೆ. ಸಂಜೆ ಐದೂವರೆಯಿಂದ ಏಳರವರೆಗೆ ಪೆನ್ನಿನಿಂದ ಕಪ್ಪಾಗಿದೆ. ಮಗ ಹಗಲು ಮಲಗದ ದಿನ ನಾಲ್ಕೂವರೆಗೇ ಶುರು. ಅತಿ ಉದ್ದದ್ದು ಹನ್ನೊಂದು ನಿಮಿಷ, ಅದು ಕಾಲುಚೀಲದ್ದು, ಮೊದಲನೇ ದಿನ. ತಿರುವಿಹಾಕಿದ ಮೇಲೆ ಕಾಲುಚೀಲದ ಸಾಲು ಹಾಳೆಯಲ್ಲಿ ಮತ್ತೆ ಬಂದಿಲ್ಲ. ಎರಡು ವರ್ಷದಿಂದ ಅವಳು ಚುಚ್ಚುತ್ತದೆ ಅಂತ ಹೇಳುತ್ತಲೇ ಇದ್ದಳು. ನಾನು ಹಠ ಅಂತ ತಿಳಿದಿದ್ದೆ. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ.

ಹಾಳೆಯ ಕೊನೆಗೆ ನಾನೇ ಇನ್ನೊಂದು ಸಾಲು ಎಳೆದುಕೊಂಡೆ, ನನ್ನದು. ನಾನು ಎಷ್ಟು ಗಂಟೆಗೆ ಕೂಗಿದೆ ಅಂತ. ಅದೂ ಅದೇ ಹೊತ್ತು. ಐದೂವರೆಯಿಂದ ಏಳು. ಬೆಳಗ್ಗೆ ಹತ್ತಕ್ಕೆ ಪೇಸ್ಟ್ ಬಳಿದಿದ್ದರೆ ನಾನು ಬಹುಶಃ ನಗುತ್ತಿದ್ದೆ. ಮಧ್ಯಾಹ್ನ ನಾನು ಸರಿಯಾಗಿ ಊಟ ಮಾಡುತ್ತಲೇ ಇರಲಿಲ್ಲ ಅನ್ನುವುದೂ ಆಗಲೇ ಗೊತ್ತಾಗಿದ್ದು. ಮಕ್ಕಳ ತಟ್ಟೆಯಲ್ಲಿ ಉಳಿದಿದ್ದನ್ನು ನಿಂತುಕೊಂಡೇ ತಿನ್ನುತ್ತಿದ್ದೆ. ಈಗ ಕೂತು ಉಣ್ಣುತ್ತೇನೆ, ಮಗ ಮಲಗಿದ ಮೇಲೆ, ಬೇರೆ ಯಾವ ಕೆಲಸಕ್ಕೂ ಮುಂಚೆ.

ಇವರು ಬಂದಿದ್ದಾರೆ. ಹಾಳೆ ತೋರಿಸಿದೆ. ಕೆಲಸಕ್ಕೆ ಹೋಗಿ ಬರುವ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ಹಾಕಿಕೊಂಡಿದ್ದಾರೆ, ಆರು ಗಂಟೆಗೆ ಮನೆಯಲ್ಲಿರುತ್ತಾರೆ. ಅಜ್ಜಿ, ಭಾನುವಾರ ಮೂರು ಗಂಟೆ ಒಬ್ಬಳೇ ಹೊರಗೆ ಹೋಗಿದ್ದೆ. ಪೂರ್ತಿ ದಿನ ಆಗಲಿಲ್ಲ, ಮನೆ ನೆನಪಾಯಿತು.

ನಿನ್ನೆ ಒಂದು ಸಲ ಕೂಗಿದೆ. ಮಗ ಕಿಟಕಿ ಏರಿದ್ದ, ಹೆದರಿಕೆಯಲ್ಲಿ ಕೂಗಿದ್ದು. ಮಗಳು ಹತ್ತಿರ ಬಂದು ನನ್ನ ಕಣ್ಣು ನೋಡಿ, "ಸ್ವಲ್ಪ ದೊಡ್ಡದಾಗಿದೆ" ಅಂದಳು. ಹಿಂದೆ ಸರಿಯಲಿಲ್ಲ.

ಜಗ್ ತಂದಿದ್ದೇವೆ. ದಿನಕ್ಕೆ ಮೂರು ಟವೆಲ್ ಒದ್ದೆ ಆಗುತ್ತದೆ. ಅವಳು ತನಗೆ ಹಾಕಿಕೊಂಡ ಮೇಲೆ ತಮ್ಮನಿಗೆ ಹಾಕುತ್ತಾಳೆ, ಆಮೇಲೆ ನನಗೂ ಹಾಕಿ, ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಾಳೆ.

ಬೆಳಗ್ಗೆ 5.20ಕ್ಕೆ ಏಳುವುದು ಮಾತ್ರ ಹಾಗೇ ಇದೆ. ಅದಕ್ಕೆ ಯಾರಾದರೂ ಏನಾದರೂ ಮಾಡಿ ಸರಿಹೋಗಿದ್ದರೆ ಹೇಳಿ.